ಹೊಳೆಯ ಜ್ವರ ನೋಡಲು ಹೊಳೆಗೇ ಇಳಿಯಬೇಕು

ಮಲೆನಾಡಿನಲ್ಲಿ ಬೆಳೆದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿದವರಿಗೆ ನಾನು ಮೊದಲ ಐದು ನಿಮಿಷ ಹೊಸದೇನೂ ಹೇಳುವುದಿಲ್ಲ. ಡಿಸೆಂಬರ್ ತಿಂಗಳ ಬೆಳಗಿನ ಜಾವ ಹೊಳೆ ದಂಡೆಗೆ ಹೋದರೆ ನೀರಿನ ಮೇಲಿಂದ ಹೊಗೆ ಏಳುತ್ತಿರುತ್ತದೆ. ಹಲ್ಲು ಕಟಕಟ ಎನ್ನುವ ಚಳಿ. ಆದರೆ ಕಾಲು ಇಳಿಬಿಟ್ಟರೆ ನೀರು ಬೆಚ್ಚಗೆ. ಅದೇ ಹೊಳೆಗೆ ಏಪ್ರಿಲ್ ಮಧ್ಯಾಹ್ನ ಇಳಿಯಿರಿ, ನೆತ್ತಿ ಸುಡುತ್ತಿರುತ್ತದೆ, ಮೊಣಕಾಲಿನಿಂದ ಕೆಳಗೆ ತಣ್ಣಗೆ. ಬಾವಿಯಲ್ಲಂತೂ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಸೇದಿದ ಕೊಡದಿಂದ ಆವಿ ಬರುತ್ತದೆ, ಬೇಸಿಗೆಯಲ್ಲಿ ಅದೇ ನೀರು ಕುಡಿದರೆ ಗಂಟಲು ತಂಪಾಗುತ್ತದೆ. ಬಾವಿಯೇನೂ ಬದಲಾಗಿಲ್ಲ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿ ನಿಂತಿದೆ. ಏರಿಳಿದದ್ದು ಹೊರಗಿನ ಗಾಳಿ. ನಮ್ಮ ಚರ್ಮ ಗಾಳಿಗೆ ಹೋಲಿಸಿ ತೀರ್ಪು ಕೊಟ್ಟಿದೆ, ಅಷ್ಟೆ.

ಇಷ್ಟೆಲ್ಲ ಗೊತ್ತಿದ್ದೂ, ಒಂದು ಮೀನು ಯಾವ ಹಳ್ಳದಲ್ಲಿ ಬದುಕಬಲ್ಲದು, ಐವತ್ತು ವರ್ಷದ ಮೇಲೆ ಎಲ್ಲಿ ಉಳಿದಿರುತ್ತದೆ ಎಂದು ಕಂಪ್ಯೂಟರಿನಲ್ಲಿ ನಕ್ಷೆ ಬರೆಯಲು ಕುಳಿತಾಗ ನಾವು, ಅಂದರೆ ನನ್ನ ಕಸುಬಿನವರು, ಏನು ಮಾಡುತ್ತೇವೆ? ಗಾಳಿಯ ತಾಪಮಾನ ತೆಗೆದುಕೊಂಡು ಲೆಕ್ಕ ಹಾಕುತ್ತೇವೆ. ಮಗುವಿಗೆ ಮೈ ಬಿಸಿ ಅಂದರೆ ನೀವು ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ನೋಡುತ್ತೀರಾ? ಕಂಕುಳಲ್ಲಿ ಇಟ್ಟು ನೋಡುತ್ತೀರಿ. ಇವತ್ತು ನಾನು ಮಾತಾಡುವುದು ಆ ಕಂಕುಳಿನ ಥರ್ಮಾಮೀಟರಿನ ಬಗ್ಗೆ. ಅದನ್ನು ಇಟ್ಟು ನೋಡಿದ ಒಂದು ಕಡೆ ಉತ್ತರವೇ ಬೇರೆಯಾಗಿ ಬಂತು.

ಮೊದಲು ಈ ನಕ್ಷೆ ಹೇಗೆ ಹುಟ್ಟುತ್ತದೆ ಎಂದು ಹೇಳಿಬಿಡುತ್ತೇನೆ. ಒಂದು ಪ್ರಾಣಿ ಎಲ್ಲೆಲ್ಲಿ ಸಿಕ್ಕಿದೆ ಎನ್ನುವ ಪಟ್ಟಿ ಕೈಯಲ್ಲಿರುತ್ತದೆ. ಮ್ಯೂಸಿಯಮ್ಮಿನ ಬಾಟಲಿಗೆ ಅಂಟಿಸಿದ ಹಳೇ ಚೀಟಿ, ಸರ್ವೆ ವರದಿ, ಈಚೆಗೆ ಮೊಬೈಲಿನಲ್ಲಿ ತೆಗೆದ ಫೋಟೊ, ಹೀಗೆ. ಆ ಒಂದೊಂದು ಜಾಗದಲ್ಲೂ ಬಿಸಿ ಎಷ್ಟು, ಮಳೆ ಎಷ್ಟು, ಇಳಿಜಾರು ಎಷ್ಟು ಎಂದು ಬರೆದುಕೊಂಡರೆ ಅದು ಆ ಜಾಗದ ಜಾತಕ. ಇನ್ನು ಕಂಪ್ಯೂಟರ್ ಮಾಡುವುದು ಜೋಯಿಸರ ಕೆಲಸ. ಪ್ರಾಣಿ ಸಿಕ್ಕ ಜಾಗಗಳ ಜಾತಕ ಓದಿಕೊಂಡು, ಯಾರೂ ಹೋಗಿ ನೋಡಿರದ ಜಾಗಗಳ ಜಾತಕವನ್ನು ಅದಕ್ಕೆ ಕೂಡಿಸಿ ನೋಡುತ್ತದೆ. 36ಕ್ಕೆ 28 ಗುಣ ಕೂಡಿದರೆ ನಕ್ಷೆಯಲ್ಲಿ ಗಾಢ ಬಣ್ಣ, ಕೂಡದಿದ್ದರೆ ಬಿಳಿ. 2006ರಲ್ಲಿ ಬಂದ ಮ್ಯಾಕ್ಸೆಂಟ್ ಎನ್ನುವ ತಂತ್ರಾಂಶ ಈ ಕೆಲಸವನ್ನು ಎಷ್ಟು ಸಲೀಸು ಮಾಡಿತೆಂದರೆ, ಪ್ರಾಣಿ 'ಸಿಕ್ಕಿತು' ಎನ್ನುವ ಮಾಹಿತಿ ಇದ್ದರೆ ಸಾಕು, 'ಸಿಗಲಿಲ್ಲ' ಎನ್ನುವ ಮಾಹಿತಿ ಇಲ್ಲದೆಯೂ ನಕ್ಷೆ ಬರುತ್ತದೆ. ಜಾತಕಕ್ಕೆ ಬೇಕಾದ ಗ್ರಹಗಳನ್ನು ವರ್ಲ್ಡ್‌ಕ್ಲಿಮ್ ಎನ್ನುವ ದತ್ತಸಂಗ್ರಹ ಪುಕ್ಕಟೆ ಕೊಡುತ್ತದೆ. ಬಿಸಿ ಮತ್ತು ಮಳೆಗೆ ಸಂಬಂಧಿಸಿದ 19 ಪದರಗಳು, ಇಡೀ ಜಗತ್ತಿಗೆ, ಸುಮಾರು ಒಂದು ಕಿಲೋಮೀಟರಿನ ಚೌಕಗಳಲ್ಲಿ. ಎಂ.ಎಸ್ಸಿ. ಮಾಡುವ ಹುಡುಗನೊಬ್ಬ ಒಂದು ಮಧ್ಯಾಹ್ನದಲ್ಲಿ ಇಳಿಸಿಕೊಂಡು ಸಂಜೆಯೊಳಗೆ ನಕ್ಷೆ ತೋರಿಸಬಹುದು. ತೋರಿಸುತ್ತಾರೆ ಕೂಡ.

ಮಂಗಟ್ಟೆಗೆ ಇದು ಸರಿ, ಮತ್ತಿಮರಕ್ಕೆ ಸರಿ, ಅವು ಗಾಳಿಯಲ್ಲೇ ಇರುವಂಥವು. ಆದರೆ ಆ ಚೌಕವೊಂದನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಅದರಲ್ಲಿ ಒಂದು ಗುಡ್ಡದ ನೆತ್ತಿ ಇದೆ, ಕಾಫಿ ತೋಟ ಇದೆ, ಟಾರು ರಸ್ತೆ ಇದೆ, ನಾಲ್ಕು ಮನೆ ಇವೆ. ಎಲ್ಲೋ ಮೂಲೆಯಲ್ಲಿ, ಹೊಳೆಮತ್ತಿಯ ನೆರಳಿನಲ್ಲಿ, ಮೂರು ಹೆಜ್ಜೆ ಅಗಲದ ಒಂದು ಹಳ್ಳ. ಇಡೀ ಚೌಕಕ್ಕೆ ಒಂದೇ ಅಂಕಿ, ಅದೂ ಗಾಳಿಯದು. ಹಳ್ಳದ ಮೀನಿಗೆ ಆ ಅಂಕಿಯಿಂದ ಏನಾಗಬೇಕು?

ಮೀನಿಗೆ ನೀರಿನ ಬಿಸಿ ಯಾಕಿಷ್ಟು ಮುಖ್ಯ ಎಂದು ಕೇಳಬಹುದು. ಮೀನು ತನ್ನ ಮೈಯನ್ನು ಬೆಚ್ಚಗೆ ಇಟ್ಟುಕೊಳ್ಳುವ ಪ್ರಾಣಿ ಅಲ್ಲ, ನೀರು ಎಷ್ಟಿದೆಯೋ ಮೈ ಅಷ್ಟು. ಮೈ ಬಿಸಿಯಾದಂತೆ ಒಳಗಿನ ಒಲೆ ಜೋರಾಗಿ ಉರಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ ಹತ್ತು ಡಿಗ್ರಿ ಏರಿದರೆ ಖರ್ಚು ಎರಡು ಪಟ್ಟು. ಆ ಖರ್ಚಿಗೆ ಆಮ್ಲಜನಕ ಬೇಕು, ಬಿಸಿ ನೀರಿನಲ್ಲಿ ಅದು ಕಡಿಮೆ ಕರಗುತ್ತದೆ. ಒಂದು ಲೀಟರ್ ಸಿಹಿನೀರು 10 ಡಿಗ್ರಿಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಸುಮಾರು 11.3 ಮಿಲಿಗ್ರಾಂ. 20 ಡಿಗ್ರಿಯಲ್ಲಿ 9.1. 30 ಡಿಗ್ರಿಯಲ್ಲಿ 7.6. ಒಂದು ಲೀಟರ್ ಗಾಳಿಯಲ್ಲಿ ನಮಗೆ ಸಿಗುವುದು ಸುಮಾರು 270 ಮಿಲಿಗ್ರಾಂ! ಮೊದಲೇ ಬಡ ಸಂಸಾರ, ಬೇಸಿಗೆ ಬಂದರೆ ಸಂಬಳ ಕಡಿತ, ಖರ್ಚು ದುಪ್ಪಟ್ಟು. ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರಿಗೆ ಗೊತ್ತು, ಮೇ ತಿಂಗಳಲ್ಲಿ ಕರೆಂಟು ಹೋಗಿ ಪಂಪು ನಿಂತರೆ ಅರ್ಧ ದಿನದಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯತೊಡಗುತ್ತವೆ.

ಹಾಗಂತ ಎಲ್ಲ ಮೀನಿಗೂ ಒಂದೇ ಮಿತಿ ಇಲ್ಲ. ಕೆರೆಯ ಕಾಟ್ಲ, ಗೆಂಡೆಗೆ ಹಿತವಾದ ನೀರಿನಲ್ಲಿ ಟ್ರೌಟ್ ಎನ್ನುವ ತಣ್ಣೀರಿನ ಮೀನು ಸತ್ತೇ ಹೋಗುತ್ತದೆ. ನಮ್ಮ ಪಕ್ಕದ ನೀಲಗಿರಿಯಲ್ಲೇ ಇದಕ್ಕೆ ಸಾಕ್ಷಿ ಇದೆ. ಬ್ರಿಟಿಷರಿಗೆ ಗಾಳ ಹಾಕಲು ತಮ್ಮೂರಿನ ಮೀನೇ ಬೇಕಿತ್ತು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಅಲ್ಲಿ ಟ್ರೌಟ್ ಬೆಳೆಸಲು ನೋಡಿ ಸೋತರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಚ್.ಸಿ. ವಿಲ್ಸನ್ ಅವಲಾಂಚಿಯಲ್ಲಿ ಮೊಟ್ಟೆ ಮರಿ ಮಾಡಿಸಿ ಗೆದ್ದರು. ನೂರು ವರ್ಷದ ಮೇಲಾಯಿತು, ಆ ಮೀನು ಇನ್ನೂ ಬೆಟ್ಟದ ನೆತ್ತಿಯ ಹೊಳೆಗಳನ್ನು ಬಿಟ್ಟು ಕೆಳಗೆ ಇಳಿದಿಲ್ಲ. ದಾರಿ ಇದೆ, ನೀರು ಹರಿಯುತ್ತಲೇ ಇದೆ. ಇಳಿಯಲು ಬಿಸಿ ಬಿಡುವುದಿಲ್ಲ.

ಸರಿ, ಬಿಸಿ ಮುಖ್ಯ, ಒಪ್ಪಿದಿರಿ. ಗಾಳಿ ಬಿಸಿಯಾದರೆ ನೀರೂ ಬಿಸಿಯಾಗುತ್ತದಲ್ಲ, ಗಾಳಿಯ ಅಂಕಿಯಿಂದಲೇ ಲೆಕ್ಕ ಹಾಕಿದರೆ ತಪ್ಪೇನು ಅನ್ನಬಹುದು. 1998ರಲ್ಲಿ ಮೊಹ್ಸೆನಿ, ಸ್ಟೀಫನ್ ಮತ್ತು ಎರಿಕ್ಸನ್ ಅಮೆರಿಕದ 584 ಹೊಳೆ-ಮಾಪನ ಕೇಂದ್ರಗಳಲ್ಲಿ ವಾರದ ಗಾಳಿಯ ಬಿಸಿಯನ್ನೂ ನೀರಿನ ಬಿಸಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನೇರ ಗೆರೆ ಬರಲಿಲ್ಲ, ಹಾವಿನಂತೆ ಎರಡು ಕಡೆ ಬಾಗಿದ ಗೆರೆ ಬಂತು. ಕೆಳತುದಿಯಲ್ಲಿ ಗಾಳಿ ಎಷ್ಟೇ ತಣ್ಣಗಾಗಲಿ ನೀರು ಹೆಪ್ಪುಗಟ್ಟುವ ಹಂತದಲ್ಲಿ ನಿಂತುಬಿಡುತ್ತದೆ. ಮೇಲ್ತುದಿಯಲ್ಲಿ ಗಾಳಿ ಏರುತ್ತಲೇ ಹೋದರೂ ನೀರು ಹಿಂದೆ ಉಳಿಯುತ್ತದೆ, ಯಾಕೆಂದರೆ ಆವಿಯಾಗುವ ನೀರು ತನ್ನ ಜತೆ ಬಿಸಿಯನ್ನೂ ಒಯ್ಯುತ್ತದೆ. ಇದನ್ನು ನಿಮಗೆ ವಿವರಿಸಬೇಕಾಗಿಲ್ಲ, ಮಣ್ಣಿನ ಹೂಜಿ ಅಡುಗೆಮನೆ ಮೂಲೆಯಲ್ಲಿ ಕುಳಿತು ಇದನ್ನೇ ಮಾಡುತ್ತದೆ.

ಇನ್ನು ಬಾವಿಗೆ ಮತ್ತೆ ಬನ್ನಿ. ಹಳ್ಳವೊಂದಕ್ಕೆ ನೀರು ಎಲ್ಲಿಂದ ಬರುತ್ತದೆ? ಮಳೆ ನಿಂತ ಮೇಲೂ ಹರಿಯುವ ಹಳ್ಳಕ್ಕೆ ನೀರು ಕೊಡುವುದು ಒರತೆ, ಅಂದರೆ ಅಡ್ಡ ಮಲಗಿದ ಬಾವಿ ಅನ್ನಿ. ಒರತೆ ಹೆಚ್ಚಿದ್ದ ಹಳ್ಳ ಗಾಳಿಯ ಮಾತು ಕೇಳುವುದಿಲ್ಲ. ಅದೇ ಗುಡ್ಡದ ಮತ್ತೊಂದು ಮಗ್ಗುಲಿನ ಹಳ್ಳ, ಮೇಲೆ ಮರ ಕಡಿದು ಬಿಸಿಲು ಬಿದ್ದದ್ದು, ಗಾಳಿ ಹೇಳಿದಂತೆ ಕುಣಿಯುತ್ತದೆ. ಗಾಳಿ ಒಂದು ಡಿಗ್ರಿ ಏರಿದಾಗ ನೀರು ಎಷ್ಟು ಏರುತ್ತದೆ ಎನ್ನುವುದು ಹಳ್ಳದಿಂದ ಹಳ್ಳಕ್ಕೆ ಬೇರೆ. ಕೆಳಗೆ ಅಣೆಕಟ್ಟು ಬಂದರೆ ಲೆಕ್ಕ ಇನ್ನೂ ಕೆಡುತ್ತದೆ. ಆಳದ ಜಲಾಶಯದ ತಳದ ತೂಬಿನಿಂದ ಬಿಟ್ಟ ನೀರು ಬೇಸಿಗೆಯಲ್ಲೂ ತಣ್ಣಗೆ ಬರುತ್ತದೆ, ಅಣೆಕಟ್ಟಿನ ಮೇಲಿನಿಂದ ಉಕ್ಕಿದ ನೀರು ಬಿಸಿಲು ಕುಡಿದು ಬಂದಿರುತ್ತದೆ.

ಈಗ ಕತೆಗೆ ಬರುತ್ತೇನೆ. ನಡೆದದ್ದು ಅಮೆರಿಕದ ವಾಯವ್ಯ ಮೂಲೆಯಲ್ಲಿ, ರಾಕಿ ಪರ್ವತದ ಐಡಹೊ, ಮೊಂಟಾನಾ ಕಡೆ. ನಾಯಕ ಬುಲ್ ಟ್ರೌಟ್. ಹೆಸರಿಗೆ ಟ್ರೌಟ್, ಕುಲಕ್ಕೆ ಚಾರ್ ಎನ್ನುವ ಅದರ ದಾಯಾದಿ. ದೊಡ್ಡ ತಲೆ, ಮೈ ಮೇಲೆ ತಿಳಿ ಚುಕ್ಕೆ. ತಣ್ಣೀರಿನ ವಿಷಯದಲ್ಲಿ ಇಂಥ ಹಟಮಾರಿ ಮೀನು ಆ ಕಡೆ ಇನ್ನೊಂದಿಲ್ಲ. ಶರತ್ಕಾಲದಲ್ಲಿ ನೀರು 9 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆಯೇ ಮೊಟ್ಟೆ ಇಡುವುದು. ಪ್ರಯೋಗಾಲಯದಲ್ಲಿ ಸಾಕಿ ನೋಡಿದಾಗ ಚೆನ್ನಾಗಿ ಬೆಳೆದದ್ದು 13 ಡಿಗ್ರಿಯ ಆಸುಪಾಸಿನಲ್ಲಿ. 60 ದಿನಗಳ ಲೆಕ್ಕದಲ್ಲಿ ಅದು ತಾಳಬಲ್ಲ ಗರಿಷ್ಠ 20.9 ಡಿಗ್ರಿ. ನಮ್ಮ ಏಸಿ ರೂಮಿನಲ್ಲೂ ಬದುಕದ ಮೀನು ಅನ್ನಿ. 1999ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಪಾಯದಲ್ಲಿರುವ ಪ್ರಭೇದಗಳ ಕಾನೂನಿನ ಪಟ್ಟಿಗೆ ಸೇರಿಸಿತು.

2007ರಲ್ಲಿ ಬ್ರೂಸ್ ರೀಮನ್ ಮತ್ತು ಜತೆಗಾರರು ಕೊಲಂಬಿಯಾ ನದಿಯ ಒಳನಾಡಿನ ಜಲಾನಯನಕ್ಕೆ ಲೆಕ್ಕ ಹಾಕಿದರು. ಮೀನುಮರಿಗಳು ಬೆಟ್ಟದಲ್ಲಿ ಎಷ್ಟು ಎತ್ತರಕ್ಕಿಂತ ಕೆಳಗೆ ಸಿಗುವುದಿಲ್ಲ ಎಂದು ನೋಡಿ, ಆ ಎತ್ತರವನ್ನು ಗಾಳಿಯ ಬಿಸಿಗೆ ಜೋಡಿಸಿ, ಗಾಳಿ ಇಷ್ಟಿಷ್ಟು ಏರಿದರೆ ಆ ಗೆರೆ ಎಷ್ಟು ಮೇಲಕ್ಕೆ ಹೋಗುತ್ತದೆ ಎಂದು ಕೂಡಿದರು. ಬಂದ ಉತ್ತರ: ಮರಿ ಮಾಡಲು ತಕ್ಕ ಜಾಗದಲ್ಲಿ ಶೇಕಡ 18ರಿಂದ 92ರಷ್ಟು ಕಳೆದುಹೋಗಬಹುದು. ಬಿಸಿ ಏರುವ ಪ್ರಮಾಣವನ್ನು ಬೇರೆ ಬೇರೆಯಾಗಿ ಇಟ್ಟು ನೋಡಿದ್ದರಿಂದ ಇಷ್ಟು ಅಂತರ. ನಾನು ಅವರನ್ನು ಆಡಿಕೊಳ್ಳುತ್ತಿಲ್ಲ. ಇಡೀ ಜಲಾನಯನಕ್ಕೆ ಲೆಕ್ಕ ಹಾಕಬೇಕೆಂದರೆ ಆಗ ಕೈಗೆ ಸಿಗುತ್ತಿದ್ದದ್ದು ಎತ್ತರ ಮತ್ತು ಗಾಳಿ, ಅದರಲ್ಲಿ ಅವರು ಪ್ರಾಮಾಣಿಕವಾಗಿ ಮಾಡಿದ ಕೆಲಸ ಅದು. ಆದರೆ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬ ಈ ವರದಿ ಕೈಯಲ್ಲಿ ಹಿಡಿದುಕೊಂಡು ಯಾವ ಹಳ್ಳಕ್ಕೆ ದುಡ್ಡು ಖರ್ಚು ಮಾಡಬೇಕು? ಯಾವುದನ್ನು ಕೈಬಿಡಬೇಕು? 18ಕ್ಕೂ 92ಕ್ಕೂ ನಡುವೆ ಯಾವ ತೀರ್ಮಾನ ಬೇಕಾದರೂ ಹಿಡಿಸುತ್ತದೆ.

ಅದೇ ಹೊತ್ತಿಗೆ ಐಡಹೊದ ಬಾಯ್ಸಿ ಊರಿನಲ್ಲಿ, ಅಮೆರಿಕದ ಅರಣ್ಯ ಸೇವೆಯ ಸಂಶೋಧನಾ ಕೇಂದ್ರದಲ್ಲಿ, ಡ್ಯಾನ್ ಐಸಾಕ್ ಎನ್ನುವ ಮೀನುವಿಜ್ಞಾನಿ ಮತ್ತು ಅವರ ತಂಡ ಒಂದು ವಿಷಯ ಗಮನಿಸಿದರು. ನೀರಿನ ತಾಪಮಾನದ ಅಂಕಿಗಳು ಇಲ್ಲವೇ ಇಲ್ಲ ಅನ್ನುವಂತಿಲ್ಲ, ಬೇಕಾದಷ್ಟಿವೆ. ಎಲ್ಲಿ? ಮೇಜಿನ ಡ್ರಾಯರುಗಳಲ್ಲಿ. ನೀರಿಗೆ ಹಾಕುವ ಸಣ್ಣ ಸೆನ್ಸರುಗಳು ಅಗ್ಗವಾದ ಮೇಲೆ ಅರಣ್ಯದವರು, ಮೀನುಗಾರಿಕೆಯವರು, ನೀರಿನ ಗುಣಮಟ್ಟದವರು, ಬುಡಕಟ್ಟು ಸರ್ಕಾರಗಳು, ವಿಶ್ವವಿದ್ಯಾಲಯದವರು ತಂತಮ್ಮ ಒಂದೊಂದು ಕೆಲಸಕ್ಕೆ ಹೊಳೆಗೆ ಇಳಿಸಿದ್ದರು. ಕೆಲಸ ಮುಗಿದ ಮೇಲೆ ಫೈಲು ಮುಚ್ಚಿ ಒಳಗಿಟ್ಟಿದ್ದರು. ಒಬ್ಬರದು ಫ್ಯಾರನ್‌ಹೀಟು, ಇನ್ನೊಬ್ಬರದು ಸೆಲ್ಸಿಯಸ್, ಮತ್ತೊಬ್ಬರ ಹಾಳೆಯಲ್ಲಿ ಹೊಳೆಯ ಹೆಸರೇ ತಪ್ಪು. ಇವನ್ನೆಲ್ಲ ಬೇಡಿ ತಂದು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ, ಒಂದೇ ನದಿ ನಕ್ಷೆಯ ಮೇಲೆ ಕೂರಿಸಿದರು. ಅದಕ್ಕೆ ನಾರ್‌ವೆಸ್ಟ್ ಎಂದು ಹೆಸರು. 2017ರಲ್ಲಿ ಪ್ರಕಟಿಸುವ ಹೊತ್ತಿಗೆ ಅದರಲ್ಲಿ 22,700ಕ್ಕೂ ಹೆಚ್ಚು ಜಾಗಗಳಿಂದ 22 ಕೋಟಿಗೂ ಹೆಚ್ಚು ಅಳತೆಗಳು ಸೇರಿದ್ದವು.

ಈ ಕಲ್ಲು ಆರಿಸುವ ಕೆಲಸದ ಬಗ್ಗೆ ಎರಡು ಮಾತು, ಯಾಕೆಂದರೆ ನನ್ನ ಮೈಮೇಲೇ ಬಂದದ್ದು. ನಾನು ಮೊದಲ ಸಲ ಹಳ್ಳಕ್ಕೆ ಲಾಗರ್, ಅಂದರೆ ಬಿಸಿಯನ್ನು ಅಳೆದು ತಾನೇ ಬರೆದಿಟ್ಟುಕೊಳ್ಳುವ ಸೆನ್ಸರ್, ಇಟ್ಟಾಗ ದಂಡೆಯ ಬೇರಿಗೆ ನೈಲಾನ್ ಹಗ್ಗದಲ್ಲಿ ಕಟ್ಟಿ ಬಂದಿದ್ದೆ. ಬೇಸಿಗೆ ಮುಗಿಯುವಾಗ ತೆಗೆದು ಕಂಪ್ಯೂಟರಿಗೆ ಹಾಕಿದರೆ, ಮಾರ್ಚ್‌ವರೆಗೆ ಗೆರೆ ನಿದ್ದೆಯಲ್ಲಿ ಉಸಿರಾಡಿದ ಹಾಗೆ ಮೆಲ್ಲಗೆ ಏರಿ ಇಳಿದಿದೆ. ಅಲ್ಲಿಂದ ಮುಂದೆ ಹುಚ್ಚು ಹಿಡಿದ ಹಾಗೆ ದಿನವೂ ಮೇಲಕ್ಕೆ ಕೆಳಕ್ಕೆ ಜಿಗಿದಿದೆ. ಹೊಸ ಸಂಶೋಧನೆಯೇ ಸಿಕ್ಕಿತು ಎಂದು ಒಂದು ಸಂಜೆ ಹಿಗ್ಗಿದ್ದೂ ಉಂಟು. ಆದದ್ದಿಷ್ಟೆ, ಹಳ್ಳ ಇಳಿದು ಲಾಗರ್ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿತ್ತು. ನೀರಿನ ಬದಲು ನಾನೂ ಗಾಳಿಯನ್ನೇ ಅಳೆದಿದ್ದೆ! ಐಸಾಕ್ ತಂಡ ಇದಕ್ಕೊಂದು ಉಪಾಯ ಹುಡುಕಿತು. ನೀರೊಳಗೇ ಗಟ್ಟಿಯಾಗುವ ಎಪಾಕ್ಸಿ ಅಂಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, ದೊಡ್ಡ ಬಂಡೆಯ ಹರಿವಿನ ಬೆನ್ನಿಗೆ, ಪ್ರವಾಹದ ಏಟು ತಾಗದ ಕಡೆಗೆ, ಪಿವಿಸಿ ಡಬ್ಬಿಯೊಳಗೆ ಸೆನ್ಸರ್ ಕೂರಿಸಿ ಅಂಟಿಸುವುದು. ಡಬ್ಬಿ ಯಾಕೆಂದರೆ ನೇರ ಬಿಸಿಲು ಬಿದ್ದರೆ ನೀರೊಳಗಿದ್ದರೂ ಸೆನ್ಸರ್ ಸುಳ್ಳು ಹೇಳುತ್ತದೆ.

ಇಷ್ಟಾದರೂ ಹೊಳೆಯ ಪ್ರತಿ ಮೊಳಕ್ಕೂ ಸೆನ್ಸರ್ ಇಡಲಾಗುವುದಿಲ್ಲ. ಇಟ್ಟ ಜಾಗಗಳಿಂದ ಇಡದ ಜಾಗಗಳನ್ನು ಊಹಿಸಬೇಕು. ಸಾಮಾನ್ಯವಾಗಿ ನಕ್ಷೆಗಾರರು ಹತ್ತಿರದ ಜಾಗಕ್ಕೆ ಹೆಚ್ಚು ತೂಕ ಕೊಡುತ್ತಾರೆ. ಹೊಳೆಯಲ್ಲಿ 'ಹತ್ತಿರ' ಅಂದರೆ ಏನು? ಸಕಲೇಶಪುರದ ಕಡೆ ಒಂದು ಏಣಿನ ಮೇಲೆ ನಿಂತುಕೊಳ್ಳಿ. ಎಡಗಡೆ ಬಿದ್ದ ಮಳೆ ಹನಿ ಹೇಮಾವತಿ ಸೇರಿ ಕಾವೇರಿಯಾಗಿ ಬಂಗಾಳ ಕೊಲ್ಲಿಗೆ, ಬಲಗಡೆ ಬಿದ್ದದ್ದು ಘಟ್ಟ ಇಳಿದು ಅರಬ್ಬೀ ಸಮುದ್ರಕ್ಕೆ. ಎರಡು ಹಳ್ಳಗಳ ನಡುವೆ ಕಾಗೆ ಹಾರಿದರೆ ಅರ್ಧ ಮೈಲಿ, ಮೀನು ಈಜಬೇಕೆಂದರೆ ದಾರಿಯೇ ಇಲ್ಲ. ಹಾಗಾಗಿ ನೀರು ಹರಿಯುವ ದಾರಿಯಲ್ಲೇ ದೂರ ಅಳೆಯುವ ಗಣಿತ ಬೇಕಾಯಿತು. ಎರಿನ್ ಪೀಟರ್ಸನ್ ಮತ್ತು ಜೇ ವೆರ್ ಹೂಫ್ ಎನ್ನುವ ಸಂಖ್ಯಾಶಾಸ್ತ್ರಜ್ಞರು ಅದನ್ನು ಕಟ್ಟಿದರು. ಅದರಲ್ಲಿ ಮೇಲಿನ ನೀರು ಕೆಳಗಿನ ನೀರಿನ ಬಗ್ಗೆ ಸಾಕ್ಷಿ ಹೇಳುತ್ತದೆ. ಸಂಗಮ ಬಂದಾಗ ದೊಡ್ಡ ಹೊಳೆಯ ಸಾಕ್ಷಿಗೆ ತೂಕ ಹೆಚ್ಚು, ಸಣ್ಣದಕ್ಕೆ ಕಡಿಮೆ. ಕೂಡದ ಹಳ್ಳಗಳು ಒಂದರ ಬಗ್ಗೆ ಇನ್ನೊಂದು ಆ ಬಗೆಯ ಸಾಕ್ಷಿ ಹೇಳುವಂತಿಲ್ಲ.

ಐಸಾಕ್ ತಂಡದವರು ಈ ಗಣಿತಕ್ಕೆ ಆಗಸ್ಟ್ ತಿಂಗಳ ಸರಾಸರಿ ಬಿಸಿಯನ್ನು ಹಾಕಿದರು. ಅಲ್ಲಿ ಆಗಸ್ಟ್ ಅಂದರೆ ನಮ್ಮ ಏಪ್ರಿಲ್ ಇದ್ದ ಹಾಗೆ, ನೀರು ಕಡಿಮೆ, ಬಿಸಿಲು ಜಾಸ್ತಿ. ಪಶ್ಚಿಮ ಅಮೆರಿಕದ 3,43,000 ಕಿಲೋಮೀಟರ್ ಹೊಳೆಗಳಿಗೆ, ಪ್ರತಿ ಕಿಲೋಮೀಟರಿಗೂ ಒಂದು ಅಂಕಿ ಬಂತು. ಸೆನ್ಸರ್ ಇದ್ದ ಜಾಗಗಳಲ್ಲಿ ಊಹೆಯನ್ನು ನಿಜದ ಜತೆ ಹೋಲಿಸಿದರೆ ವ್ಯತ್ಯಾಸ ಸರಾಸರಿ 0.72 ಡಿಗ್ರಿ. ನಾನು ಈ ಅಂಕಿ ಮೊದಲು ನೋಡಿದಾಗ ನಂಬಲಿಲ್ಲ.

ಈಗ ಜಾತಕ ಮತ್ತೆ ಬರೆಯಬಹುದು, ಈ ಸಲ ಮೀನಿನದೇ ಗ್ರಹಗಳಿಂದ. 2015ರಲ್ಲಿ ಅವರು 'ಕ್ಲೈಮೇಟ್ ಶೀಲ್ಡ್' ಎಂಬ ನಕ್ಷೆ ಹೊರತಂದರು. ಆಗಸ್ಟ್ ಸರಾಸರಿ 11 ಡಿಗ್ರಿಗಿಂತ ಕಡಿಮೆ ಇರುವ ತುಂಡುಗಳನ್ನು ಗುರುತಿಸಿ, ಅವು ಎಷ್ಟು ಉದ್ದ, ಎಷ್ಟು ಇಳಿಜಾರು, ಅಲ್ಲಿ ಹೊರಗಿನಿಂದ ತಂದುಬಿಟ್ಟ ಬ್ರೂಕ್ ಟ್ರೌಟ್ ಸೇರಿಕೊಂಡಿದೆಯೇ ಎಂದೆಲ್ಲ ನೋಡಿ, ಬುಲ್ ಟ್ರೌಟ್ ಮರಿಗಳು ಇರುವ ಸಂಭವ ಇಷ್ಟು ಎಂದು ಹಳ್ಳ ಹಳ್ಳಕ್ಕೂ ಬರೆದರು. 1980ರ ದಶಕಕ್ಕೆ, 2040ರ ದಶಕಕ್ಕೆ, 2080ರ ದಶಕಕ್ಕೆ. ಆ ಅಧಿಕಾರಿ ಕೇಳಿದ್ದ 'ಯಾವ ಹಳ್ಳ?' ಎನ್ನುವ ಪ್ರಶ್ನೆಗೆ ಕೊನೆಗೂ ಒಂದು ಹಳ್ಳದ ಹೆಸರು ಉತ್ತರವಾಗಿ ಸಿಕ್ಕಿತು.

ಮರುವರ್ಷ, 2016ರಲ್ಲಿ, ಇನ್ನೂ ಸ್ವಾರಸ್ಯದ ಲೆಕ್ಕ ಬಂತು. ವಾಯವ್ಯ ಮೂಲೆಯ 2,22,000 ಕಿಲೋಮೀಟರ್ ಹೊಳೆಜಾಲದಲ್ಲಿ 1968ರಿಂದ 2011ರವರೆಗೆ ಗಾಳಿ ದಶಕಕ್ಕೆ 0.21 ಡಿಗ್ರಿ ಏರಿದೆ. ನೀರು? ದಶಕಕ್ಕೆ 0.10 ಡಿಗ್ರಿ, ಅಂದರೆ ಅರ್ಧಕ್ಕಿಂತ ತುಸು ಕಡಿಮೆ. ಒಂದೇ ಬಿಸಿಯ ನೀರು ಬೇಕು ಎನ್ನುವ ಮೀನು ಅದನ್ನು ಹುಡುಕಿಕೊಂಡು ಎಷ್ಟು ವೇಗವಾಗಿ ಮೇಲಕ್ಕೆ ಸರಿಯಬೇಕು ಎಂದು ನೋಡಿದರೆ, ಹತ್ತು ವರ್ಷಕ್ಕೆ ನಡುಮಟ್ಟದ ಅಂಕಿ 1.07 ಕಿಲೋಮೀಟರ್. ಎಲ್ಲರೂ ಚಿಂತಿಸುತ್ತಿದ್ದ ಮೂರು ತಣ್ಣೀರಿನ ಪ್ರಭೇದಗಳು ಇರುವ ಜಾಗದಲ್ಲಂತೂ 0.33ರಿಂದ 0.48 ಕಿಲೋಮೀಟರ್, ಅಷ್ಟೇ.

ಯಾಕೆ ಹೀಗೆ? ಆಗುಂಬೆ ಘಾಟಿ ಹತ್ತುವಾಗ ಹದಿನಾಲ್ಕು ತಿರುವು ಮುಗಿಯುವಷ್ಟರಲ್ಲಿ ಬೆವರು ಆರಿರುತ್ತದೆ. ಚಳ್ಳಕೆರೆಯ ಬಯಲಿನಲ್ಲಿ ದಿನವಿಡೀ ನಡೆದರೂ ಒಂದು ಡಿಗ್ರಿ ತಂಪು ಸಿಗುವುದಿಲ್ಲ. ಕಡಿದಾದ ಹಳ್ಳದಲ್ಲಿ ಮೀನಿಗೆ ತಂಪು ನಾಲ್ಕು ಹೆಜ್ಜೆ ಮೇಲೇ ಇದೆ. ಬೆಟ್ಟದ ತುದಿ ಅಂದರೆ ಮುಂದೆ ದಾರಿ ಇಲ್ಲದ ಓಣಿ, ಅಲ್ಲಿನ ಜೀವಿಗಳು ಮೊದಲು ಸಾಯುತ್ತವೆ ಎಂದು ನಾವೆಲ್ಲ ಪಾಠ ಮಾಡುತ್ತಿದ್ದೆವು. ನೀರಿನ ಅಂಕಿ ಬಂದ ಮೇಲೆ ಅದೇ ಬೆಟ್ಟದ ಹಳ್ಳಗಳು ಕೋಟೆಯ ಹಾಗೆ ಕಂಡವು. ಹವಾಮಾನ ಬದಲಾವಣೆ ಸುಳ್ಳು ಎಂದು ಇದನ್ನು ಯಾರಾದರೂ ತಿರುಚಿದರೆ ದಯವಿಟ್ಟು ತಡೆಯಿರಿ. ನೀರು ಬಿಸಿಯಾಗುತ್ತಿದೆ, ಎಲ್ಲ ಕಡೆ ಒಂದೇ ವೇಗದಲ್ಲಿ ಅಲ್ಲ. ಕಾಡ್ಗಿಚ್ಚು ಬಂದು ನೆರಳು ಹೋದರೆ, ಹಿಮ ಬೇಗ ಕರಗಿ ಹರಿವು ಕುಗ್ಗಿದರೆ ಕೋಟೆಯೂ ಬಿರುಕು ಬಿಡುತ್ತದೆ. ಹರಿವಿನ ಬಗ್ಗೆ ಇನ್ನೂ ಒಳ್ಳೆಯ ಮಾಹಿತಿ ಬೇಕು.

ನಕ್ಷೆ ಸರಿಯೇ ಎಂದು ಪರೀಕ್ಷಿಸಿದ ಬಗೆಯೂ ನನಗೆ ಇಷ್ಟ. ಮೀನು ಈಜಿದ ನೀರಿನಲ್ಲಿ ಅದರ ಚರ್ಮದ ಚೂರು, ಲೋಳೆ, ಹೇಲು ಎಲ್ಲ ಸೇರಿರುತ್ತದೆ, ಅದರಲ್ಲಿ ಡಿಎನ್‌ಎ ಇರುತ್ತದೆ. ನಕ್ಷೆ ತೋರಿಸಿದ ತಣ್ಣನೆಯ ಹಳ್ಳದಲ್ಲಿ ಒಂದೊಂದು ಕಿಲೋಮೀಟರಿಗೆ ನಿಂತು, 5 ಲೀಟರ್ ನೀರನ್ನು ಜಾಳಿಗೆಯ ಬಿಲ್ಲೆಯೊಂದರಲ್ಲಿ ಸೋಸಿ, ಆ ಬಿಲ್ಲೆಯನ್ನು ಪ್ರಯೋಗಾಲಯಕ್ಕೆ ಕಳಿಸುವುದು. ಬಲೆ ಬೇಡ, ಮೀನಿಗೆ ನೋವೂ ಇಲ್ಲ. ಎಲ್ಲಿ ಸೋಸಬೇಕು ಎಂದು ಹೇಳಿದ್ದು ತಾಪಮಾನದ ನಕ್ಷೆ. ಇಲ್ಲದಿದ್ದರೆ ಅಷ್ಟು ದೊಡ್ಡ ನಾಡಿನಲ್ಲಿ ಎಲ್ಲಿ ಅಂತ ಹುಡುಕುವುದು?

ಇಲ್ಲಿ ಒಬ್ಬರು ಆಗಲೇ ಚೀಟಿ ಕಳಿಸಿದ್ದಾರೆ: 'ಗಾಳಿಯ ತಾಪಮಾನ ಬಳಸಿದ ಮಾಡೆಲ್‌ಗಳೂ ಒಳ್ಳೆಯ ಅಂಕ ಪಡೆಯುತ್ತವಲ್ಲ?' ಮಾಡೆಲ್ ಅಂದರೆ ನಾನು ಹೇಳಿದ ಆ ಜಾತಕ ಕೂಡಿಸುವ ಲೆಕ್ಕ. ಹೌದು, ಪಡೆಯುತ್ತವೆ. ಇವತ್ತಿನ ನಕ್ಷೆ ಬರೆಯುವುದಷ್ಟೇ ಆದರೆ ಅನೇಕ ಕಡೆ ಗಾಳಿಯೂ ಸಾಕು. ಬೆಟ್ಟದ ಮೇಲೆ ಗಾಳಿಯೂ ತಣ್ಣಗೆ ನೀರೂ ತಣ್ಣಗೆ, ಕೆಳಗೆ ಎರಡೂ ಬಿಸಿ, ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ನಿಂತರೂ ಲೆಕ್ಕ ಕೂಡುತ್ತದೆ. ಎಡವಟ್ಟು ಆಗುವುದು ನಾಳಿನ ನಕ್ಷೆಯಲ್ಲಿ. ಜಾಗದಿಂದ ಜಾಗಕ್ಕೆ ಹೋದಾಗ ಗಾಳಿಗೂ ನೀರಿಗೂ ಇದ್ದ ನಂಟು, ಕಾಲದಿಂದ ಕಾಲಕ್ಕೆ ಹೋದಾಗ ಹಾಗೇ ಉಳಿಯುವುದಿಲ್ಲ. ಗಾಳಿ ಎರಡು ಡಿಗ್ರಿ ಏರಿದಾಗ ಒರತೆಯ ಹಳ್ಳ ಅರ್ಧ ಡಿಗ್ರಿ ಏರಿ ಸುಮ್ಮನಾಗಬಹುದು. ಮಾಡೆಲ್‌ಗೆ ಅದು ಗೊತ್ತಾಗದೆ ಎರಡು ಡಿಗ್ರಿಯಷ್ಟು ಮೀನನ್ನು ಓಡಿಸಿಬಿಡುತ್ತದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದ ಮಾಡೆಲ್ಲೇ ಭವಿಷ್ಯದಲ್ಲಿ ದೊಡ್ಡ ತಪ್ಪು ಹೇಳಬಹುದು. ಜೋಯಿಸರ ಕತೆಯೂ ಅಷ್ಟೇ, ಹಿಂದಿನದ್ದನ್ನು ಸರಿಯಾಗಿ ಹೇಳಿದರೆಂದು ಮುಂದಿನದ್ದನ್ನು ನಂಬಿಬಿಡುತ್ತೇವೆ.

ಇನ್ನು ನಮ್ಮ ಕಡೆಗೆ. ಇಲ್ಲಿ ಬುಲ್ ಟ್ರೌಟ್ ಇಲ್ಲ, ಹಿಮವೂ ಇಲ್ಲ. ಹಾಗಾಗಿ ಅಲ್ಲಿನ 11 ಡಿಗ್ರಿಯನ್ನು ಇಲ್ಲಿಗೆ ತಂದು ಅಂಟಿಸಿದರೆ ನಗೆಪಾಟಲು. ಬಿಸಿಯ ಮೇಲ್ಮಿತಿ ಮತ್ತು ಬೇಸಿಗೆಯಲ್ಲಿ ನೀರು ಎಷ್ಟು ಉಳಿಯುತ್ತದೆ ಎನ್ನುವುದು ನಮ್ಮ ಪ್ರಶ್ನೆ. 2021ರಲ್ಲಿ ಬಾರ್ಬರೋಸಾ ಮತ್ತು ಸಂಗಡಿಗರು ಜಗತ್ತಿನ ಸುಮಾರು 11,500 ನದಿ ಮೀನುಗಳಿಗೆ ನೀರಿನ ಬಿಸಿ ಮತ್ತು ಹರಿವು ಎರಡನ್ನೂ ಇಟ್ಟು ಲೆಕ್ಕ ಮಾಡಿದರು. ಭೂಮಿ 3.2 ಡಿಗ್ರಿ ಬಿಸಿಯಾದರೆ ಶೇಕಡ 36ರಷ್ಟು ಪ್ರಭೇದಗಳ ಹರವಿನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಅವು ಇವತ್ತಿನವರೆಗೆ ಕಂಡಿರದ ವಿಪರೀತಕ್ಕೆ ಸಿಗುತ್ತದೆ, 1.5 ಡಿಗ್ರಿಯಲ್ಲಿ ನಿಂತರೆ ಶೇಕಡ 4. ಹರಿವಿನ ಬದಲಾವಣೆಗಿಂತ ನೀರಿನ ಗರಿಷ್ಠ ಬಿಸಿಯೇ ಹೆಚ್ಚು ಅಪಾಯ ಎಂದರು. ಅಪಾಯ ಹೆಚ್ಚು ಇರುವುದು ಎಲ್ಲಿ? ಉಷ್ಣವಲಯದಲ್ಲಿ, ಅಂದರೆ ನಮ್ಮಂಥ ಕಡೆ.

ನಮ್ಮ ಕಾವೇರಿಯ ಬಿಳಿಮೀನು, ಬೆನ್ನು ಉಬ್ಬಿದ ಮಹಶೀರ್, ಗೊತ್ತಲ್ಲ? 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಹೆಚ್ಚುಕಡಿಮೆ ಒಂದು ಅಕ್ಕಿ ಮೂಟೆ. ಇಷ್ಟು ಹೆಸರಾದ ಮೀನಿಗೆ ವೈಜ್ಞಾನಿಕ ಹೆಸರು ಯಾವುದು ಎನ್ನುವುದೇ 2018ರವರೆಗೆ ಇತ್ಯರ್ಥ ಆಗಿರಲಿಲ್ಲ. ಆ ವರ್ಷ ಟಾರ್ ರೆಮಾದೇವಿ ಎಂದು ಖಚಿತವಾಯಿತು, ಅದರ ಬೆನ್ನಿಗೇ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅದರ ಅಳಿವಿಗೆ ಬಿಸಿಯನ್ನೇ ದೂರುವಂತಿಲ್ಲ. ಅಣೆಕಟ್ಟು, ಡೈನಮೈಟು, ಮರಳು, ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್, ಎಲ್ಲದರ ಪಾಲೂ ಇದೆ. ಆದರೆ ಉಳಿದಿರುವ ಮೀನಿಗೆ ಯಾವ ಹೊಳೆಯ ಯಾವ ಮಡು ಬೇಕು ಎಂದು ತೀರ್ಮಾನಿಸುವಾಗ ಗಾಳಿಯ ನಕ್ಷೆ ಹಿಡಿದು ಕೂರುವುದು ನನಗೆ ಒಪ್ಪಿಗೆ ಇಲ್ಲ.

ನಮ್ಮಲ್ಲಿ ಕೆಲಸ ಆಗಿಲ್ಲ ಅನ್ನುವಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಪಿ. ಮುಜುಂದಾರ್ ಮತ್ತು ಎಸ್. ರೆಹಾನಾ 2011ರಲ್ಲೇ ತುಂಗಭದ್ರೆಯ ಮೇಲೆ ಲೆಕ್ಕ ಹಾಕಿ, ಬಿಸಿ ಏರಿ ಹರಿವು ತಗ್ಗಿದರೆ ಕರಗಿದ ಆಮ್ಲಜನಕ ಹೇಗೆ ಇಳಿಯುತ್ತದೆ ಎಂದು ತೋರಿಸಿದ್ದಾರೆ. ಅದು ದೊಡ್ಡ ನದಿಯ ಕೆಲಸ. ದೊಡ್ಡ ನದಿಗಳ ಮೇಲೆ ಸರ್ಕಾರಿ ಮಾಪನ ಕೇಂದ್ರಗಳಿವೆ. ತಲೆಮೂಲದ ಹಳ್ಳಗಳ ಸಣ್ಣ ಮೀನುಗಳು, ನಾವು ಸಾರಿಗೂ ಹಾಕದ, ಹೆಸರೂ ಇಡದ ಮೀನುಗಳು ಇರುವ ಕಡೆ ಕೇಂದ್ರ ಇಲ್ಲ.

ಹಳ್ಳದಲ್ಲಿ ಲಾಗರ್ ಇಡುತ್ತಿದ್ದಾಗ ಪಕ್ಕದ ಮನೆಯ ಅಜ್ಜಿಯೊಬ್ಬರು ಬಂದು ನಿಂತು ನೋಡಿದರು. ಏನು ಎಂದು ಕೇಳಿದರು. ಹೇಳಿದೆ. "ಅದ್ಕೆ ಮಿಷನ್ ಬೇಕಾ ಮಾರಾಯ? ಕಾಲಿಟ್ರೆ ಗೊತ್ತಾಗಲ್ವಾ? ಆ ಹಲಸಿನ ಮರದ ಬುಡದಲ್ಲಿ ಒರತೆ ಇದೆ, ಬೇಸಿಗೇಲಿ ಮೀನೆಲ್ಲ ಅಲ್ಲೇ ಬಿದ್ದಿರ್ತವೆ," ಅಂದರು. ಹೋಗಿ ಕಾಲಿಟ್ಟೆ, ಗೊತ್ತಾಯಿತು. ಎರಡನೇ ಲಾಗರ್ ಅಲ್ಲಿ ಇಟ್ಟೆ. ಆದರೆ ಅಜ್ಜಿಗೆ ಅವತ್ತು ನಾನು ಹೇಳಲಾಗದ ಉತ್ತರ ಒಂದಿತ್ತು. ಕಾಲಿಗೆ ಗೊತ್ತಾಗುತ್ತದೆ ನಿಜ, ಹೋದ ವರ್ಷ ಇದೇ ದಿನ ರಾತ್ರಿ ಮೂರು ಗಂಟೆಗೆ ಎಷ್ಟಿತ್ತು ಎಂದು ಕಾಲು ನೆನಪಿಟ್ಟುಕೊಳ್ಳುವುದಿಲ್ಲ. ಗಂಟೆಗೊಂದು ಅಳತೆ ಅಂದರೆ ವರ್ಷಕ್ಕೆ 8,760 ಅಂಕಿ. ಐದು ವರ್ಷ ಆದರೆ ಆ ಹಳ್ಳ ಗಾಳಿಯ ಮಾತು ಎಷ್ಟು ಕೇಳುತ್ತದೆ ಎಂದು ತಿಳಿಯತೊಡಗುತ್ತದೆ.

ನಿಮ್ಮಲ್ಲಿ ಕೆಲವರು ಕಾಲೇಜಿನಲ್ಲಿ ಪಾಠ ಮಾಡುವವರು, ಕೆಲವರಿಗೆ ಸ್ವಂತ ತೋಟದೊಳಗೇ ಹಳ್ಳ ಇದೆ. ಲಾಗರ್‌ಗೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ಇಡುವ ಮುನ್ನ ಪಾತ್ರೆಯಲ್ಲಿ ಐಸ್ ಚೂರು, ನೀರು ಕಲಸಿ ಅದರಲ್ಲಿ ಮುಳುಗಿಸಿ, ಸೊನ್ನೆ ತೋರಿಸಬೇಕು, ತೋರಿಸದಿದ್ದರೆ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ನೀರು ತೀರ ಇಳಿದ ಏಪ್ರಿಲ್‌ನಲ್ಲೇ ಜಾಗ ಹುಡುಕಿ, ಆಗ ಮುಳುಗಿರುವ ಜಾಗ ವರ್ಷವೆಲ್ಲ ಮುಳುಗಿರುತ್ತದೆ. ಬಂಡೆಯ ಹರಿವಿನ ಬೆನ್ನಿಗೆ, ನೆರಳಿನಲ್ಲಿ, ಬಿಳಿ ಪಿವಿಸಿ ತುಂಡಿನೊಳಗೆ. ಬಂಡೆಯ ಫೋಟೊ ತೆಗೆದುಕೊಳ್ಳಿ, ಮಳೆಗಾಲ ಕಳೆದ ಮೇಲೆ ಬಂಡೆಗಳೆಲ್ಲ ಒಂದೇ ಥರ ಕಾಣುತ್ತವೆ. ಪಕ್ಕದ ಮನೆಯವರಿಗೆ, ಮುಖ್ಯವಾಗಿ ಆ ಮನೆಯ ಮಕ್ಕಳಿಗೆ, ಇದೇನು ಎಂದು ಕೂರಿಸಿಕೊಂಡು ಹೇಳಿ ಬನ್ನಿ. ಹಲಸಿನ ಮರದ ಬುಡದಲ್ಲಿ ಇಟ್ಟ ನನ್ನ ಲಾಗರನ್ನು ಹುಡುಗರು ಗಾಳದ ದಾರಕ್ಕೆ ಭಾರ ಕಟ್ಟಲು ಒಯ್ದಿದ್ದರು. ಅಜ್ಜಿಯೇ ಬೈದು ವಾಪಸ್ ಕೊಡಿಸಿದರು.